ಕದದ ಅಡಿಗೂ ಬಣ್ಣ ಬೇಕು

ಹೋಳಿ ಕಳೆದು ಶರಣಬಸವೇಶ್ವರ ಜಾತ್ರೆ ಹತ್ತಿರ ಬಂತು, ನೆಂಟರು ಬರುತ್ತಾರೆ ಎಂದಾಗಲೇ ಕಲಬುರಗಿಯ ಎಷ್ಟೋ ಮನೆಗಳಲ್ಲಿ ಹೊರಬಾಗಿಲಿನ ಬಣ್ಣದ ನೆನಪಾಗುವುದು. ಅಷ್ಟರಲ್ಲಿ ಬಿಸಿಲು ಏರಿರುತ್ತದೆ. ನನ್ನನ್ನು ಕೇಳಿದರೆ ದೀಪಾವಳಿಯ ನಂತರದ ದಿನಗಳೇ ಲೇಸು: ಮಳೆ ನಿಂತು ಕಟ್ಟಿಗೆ ಒಣಗಿರುತ್ತದೆ, ಬಿಸಿಲೂ ಮೆತ್ತಗಿರುತ್ತದೆ. ಒಮ್ಮೆ ಹಟಕ್ಕೆ ಬಿದ್ದು ಮೇ ತಿಂಗಳ ಮಧ್ಯಾಹ್ನ ಪಡುವಣ ದಿಕ್ಕಿನ ಬಾಗಿಲಿಗೆ ಬಣ್ಣ ಬಳಿದಿದ್ದೆ. ಮೇಲೆ ಕೆನೆಗಟ್ಟಿತು, ಒಳಗೆ ಹಸಿಯಾಗಿಯೇ ಉಳಿಯಿತು. ಸಂಜೆಗೆ ಕದದ ತುಂಬ ಹಪ್ಪಳದ ಹಾಗೆ ಗುಳ್ಳೆ.

ನಮ್ಮ ಬಾಗಿಲುಗಳ ಮೇಲೆ ಅರಿಸಿನ, ಕುಂಕುಮ, ದೀಪದ ಎಣ್ಣೆ, ಚಿಲಕದ ಸುತ್ತ ಕೈಜಿಡ್ಡು ಇದ್ದೇ ಇರುತ್ತವೆ. ತೊಳೆಯದೆ ಉಜ್ಜಿದರೆ ಆ ಜಿಡ್ಡು ಕಟ್ಟಿಗೆಯ ಎಳೆಯೊಳಗೆ ಇನ್ನಷ್ಟು ಇಳಿಯುತ್ತದೆ, ಬಣ್ಣ ಹಿಡಿಯುವುದಿಲ್ಲ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಒರೆಸಿ, ಬರಿ ನೀರಿನಿಂದ ಮತ್ತೊಮ್ಮೆ ಒರೆಸಿ, ಎರಡು ದಿನ ಒಣಗಲು ಬಿಡಿ.

ಹಳೆಯ ಬಣ್ಣವನ್ನೆಲ್ಲ ಕಿತ್ತು ಹಾಕಬೇಕಿಲ್ಲ. ಸಡಿಲವಾಗಿರುವುದನ್ನು ಕೆರೆಯಿರಿ, ಗಟ್ಟಿಯಾಗಿರುವುದನ್ನು 120 ನಂಬರಿನ ಉಜ್ಜುಕಾಗದದಿಂದ ಎಳೆಯ ದಿಕ್ಕಿನಲ್ಲೇ ಒರಟು ಮಾಡಿ. ಬಣ್ಣದಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವಾದರೆ ನೀರು ತಾಗಿದರೂ ಹಾಳಾಗದ ಕಾಗದ ತಂದು ಒದ್ದೆ ಮಾಡಿಯೇ ಉಜ್ಜಿ, ಮುಖಕ್ಕೆ ಮಾಸ್ಕ್ ಇರಲಿ, ಮೊಮ್ಮಕ್ಕಳು ಹತ್ತಿರ ಸುಳಿಯದಿರಲಿ.

ಕಟ್ಟಿಗೆ ಬತ್ತಲಾಗಿರುವ ಕಡೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ತಳಲೇಪ, ಹಚ್ಚಿ. ಅದು ಒಣಗಿದ ಮೇಲೆ ತೋರಣದ ಮೊಳೆ ಹೊಡೆದ ತೂತುಗಳಿಗೆ ಮರದ ಪುಟ್ಟಿ ತುಂಬಿ. ಮನೆಯಲ್ಲಿ ಉಳಿದಿದೆ ಎಂದು ಗೋಡೆಯ ಪುಟ್ಟಿ ಮೆತ್ತಬೇಡಿ, ಉದುರುತ್ತದೆ. 220ರ ಕಾಗದದಿಂದ ನಯ ಮಾಡಿ ಮತ್ತೊಂದು ಕೈ ಪ್ರೈಮರ್.

ಬಣ್ಣದವರು ಸಾಮಾನ್ಯವಾಗಿ ಮರೆಯುವುದು ಕದದ ತಲೆ ಮತ್ತು ಅಡಿಯನ್ನು. ನಮ್ಮಲ್ಲಿ ದಿನವೂ ಅಂಗಳದ ಶಹಾಬಾದ್ ಕಲ್ಲಿಗೆ ನೀರು ಸುರಿದು ತೊಳೆಯುತ್ತಾರೆ. ಆ ನೀರು ಸಿಡಿದು ಬರಿಗಟ್ಟಿಗೆಯ ಅಡಿಯಿಂದ ಮೇಲೇರುತ್ತದೆ. ಕದ ಉಬ್ಬಿ ಹೊಸ್ತಿಲಿಗೆ ಉಜ್ಜುತ್ತದೆ, ಕೆಳಗಿನ ಗೇಣುದ್ದ ಬಣ್ಣ ಮೊದಲು ಸಿಪ್ಪೆಯಾಗಿ ಏಳುತ್ತದೆ. ನೆಲದ ಮೇಲೆ ಕೈಗನ್ನಡಿ ಇಟ್ಟು ಕದದ ಅಡಿ ನೋಡಿ, ನನ್ನ ಮಾತು ನಿಜವೋ ಅಲ್ಲವೋ ಗೊತ್ತಾಗುತ್ತದೆ. ತೇಗದ ಕದ ಭಾರ, ಇಬ್ಬರು ಹಿಡಿದು ಬಿಜಾಗರಿಯಿಂದ ಬಿಡಿಸಿ ಆ ಅಂಚುಗಳಿಗೂ ಪ್ರೈಮರ್, ಬಣ್ಣ ಎರಡನ್ನೂ ಕುಡಿಸಿ.

ಮೇಲಿನ ಎನಾಮೆಲ್ ಬಣ್ಣ ಹಚ್ಚುವುದು ಇದಕ್ಕೆಲ್ಲ ಹೋಲಿಸಿದರೆ ಹಗುರ ಕೆಲಸ. ಬ್ರಷ್ಷಿನ ಕೂದಲು ಮೂರರಲ್ಲೊಂದು ಭಾಗ ಮಾತ್ರ ಅದ್ದಿ. ಮೊದಲು ಒಳಹಲಗೆಗಳು, ಆಮೇಲೆ ಅಡ್ಡಪಟ್ಟಿ, ಕೊನೆಗೆ ಉದ್ದಪಟ್ಟಿ. ಬಾಗಿಲ ಮೇಲೆ ಬಿಸಿಲು ಬೀಳದ ಹೊತ್ತು ನೋಡಿಕೊಂಡು ತೆಳುವಾಗಿ ಎರಡು ಕೈ, ನಡುವೆ ಒಂದು ರಾತ್ರಿಯ ಬಿಡುವು.

ಹೋದ ಸಲ ಕೆಲಸ ಮುಗಿದ ಮರುದಿನ ಬೆಳಿಗ್ಗೆಯೇ ನಮ್ಮ ಮನೆಯವರು ಅರಿಸಿನದ ಬಟ್ಟಲು ಹಿಡಿದು ಬಂದರು. ಹೊಸ್ತಿಲಿಗೆ ಹಚ್ಚು, ಕದಕ್ಕೆ ಒಂದು ವಾರ ಬೇಡ ಎಂದೆ. ಸಂಜೆ ನೋಡಿದರೆ ಮೂಲೆಯಲ್ಲಿ ಒಂದೇ ಒಂದು ಬೊಟ್ಟು.