ಹೆದ್ದಾರಿ ಬದಿಯ ಊರಿನ ಮಾತನ್ನು ಕಡತಕ್ಕೆ ಏರಿಸಿದ ಬಗೆ

ನಮ್ಮ ಕಡೆ ರಸ್ತೆಯ ಬಗ್ಗೆ ಜನರ ಅಭಿಪ್ರಾಯ ಕೇಳುವುದು ಸಾಮಾನ್ಯವಾಗಿ ಜೆಸಿಬಿ ಬಂದು ನಿಂತ ಮೇಲೆ. ಅಷ್ಟರಲ್ಲಿ ಅಂದಾಜು ಪಟ್ಟಿ ತಯಾರಾಗಿ, ತಾಂತ್ರಿಕ ಮಂಜೂರಾತಿ ಸಿಕ್ಕಿ, ಟೆಂಡರ್ ಮುಗಿದಿರುತ್ತದೆ. ಊರವರು ಆಗ ಏನೇ ಹೇಳಿದರೂ ‘ಎಸ್ಟಿಮೇಟ್‌ನಲ್ಲಿ ಇಲ್ಲ’ ಎಂಬುದೊಂದೇ ಉತ್ತರ. ಕಲಬುರಗಿಯ ಪಾಲಿಟೆಕ್ನಿಕ್ ಒಂದರಲ್ಲಿ ಸಾರಿಗೆ ಇಂಜಿನಿಯರಿಂಗ್ ಪಾಠ ಮಾಡಿ ನಿವೃತ್ತನಾದ ನಾನು, ಕಲಬುರಗಿ ಮತ್ತು ಜೇವರ್ಗಿ ನಡುವೆ ರಾಷ್ಟ್ರೀಯ ಹೆದ್ದಾರಿ 50ರ ಬದಿಗಿರುವ ಒಂದು ಊರಿನಲ್ಲಿ, ಅಂದಾಜು ಪಟ್ಟಿ ಬರೆಯುವುದಕ್ಕೆ ಮೊದಲೇ ಜನರ ಮಾತು ಕಡತಕ್ಕೆ ಸೇರುವಂತೆ ಮಾಡಲು ಅಲ್ಲಿಯವರ ಜೊತೆ ಕೆಲಸ ಮಾಡಿದೆ. ಊರಿನ ಹೆಸರು ಬರೆಯುತ್ತಿಲ್ಲ, ಏಕೆಂದರೆ ಅಲ್ಲಿಯ ಕೆಲವು ಜಗಳಗಳು ಇನ್ನೂ ಮುಗಿದಿಲ್ಲ.

ಬೀದರ, ಹುಮನಾಬಾದ ಕಡೆಯಿಂದ ಬಂದು ವಿಜಯಪುರ, ಹೊಸಪೇಟೆಗಳತ್ತ ಹೋಗುವ ಭಾರೀ ಲಾರಿಗಳು ಹಗಲು ರಾತ್ರಿ ಓಡಾಡುವ ರಸ್ತೆ ಇದು. ಊರಿನ ಮನೆಗಳು ಒಂದು ಬದಿಗಿದ್ದರೆ, ಶಾಲೆಯೂ ಹೆಚ್ಚಿನ ಹೊಲಗಳೂ ಇನ್ನೊಂದು ಬದಿಗಿವೆ. ದಿನಕ್ಕೆ ಹಲವು ಸಲ ರಸ್ತೆ ದಾಟದೆ ಯಾರ ಬದುಕೂ ನಡೆಯುವುದಿಲ್ಲ. ಅಪಘಾತಗಳ ಬಗ್ಗೆ ಕೇಳಿದರೆ ಪ್ರತಿಯೊಬ್ಬರಲ್ಲೂ ಒಂದೊಂದು ನೆನಪಿತ್ತು. ಆದರೆ ಆ ನೆನಪುಗಳಿಗೆ ದಿನಾಂಕ, ಹೊತ್ತು, ಕಿಲೋಮೀಟರ್ ಕಲ್ಲಿನ ಸಂಖ್ಯೆ ಯಾವುದೂ ಇರಲಿಲ್ಲ, ಮತ್ತು ಇವಿಲ್ಲದ ಮಾತನ್ನು ಯಾವ ಕಚೇರಿಯೂ ದಾಖಲಿಸಿಕೊಳ್ಳುವುದಿಲ್ಲ.

ಮೊದಲ ಸಭೆ ಗುಡಿಯ ಅಂಗಳದಲ್ಲಿ ಸೇರಿತು. ನೆಲಕ್ಕೆ ಶಹಾಬಾದಿನ ಪರ್ಶಿ ಕಲ್ಲು ಹಾಸಿದ್ದರಿಂದ ಅದೇ ನಮ್ಮ ಹಲಗೆಯಾಯಿತು. ಸೀಮೆಸುಣ್ಣದಿಂದ ರಸ್ತೆಯನ್ನು ಉದ್ದಕ್ಕೆ ಎಳೆದು, ಶಾಲೆ, ಬಸ್ ನಿಲ್ದಾಣ, ಹಳ್ಳದ ಸಿ.ಡಿ. (ನೀರು ಹರಿದುಹೋಗಲು ರಸ್ತೆಯ ಅಡಿ ಕಟ್ಟಿದ ಕಿರುಸೇತುವೆ), ಹೋಟೆಲು, ಕಿರಾಣಿ ಅಂಗಡಿಗಳನ್ನು ಊರವರ ಕೈಯಿಂದಲೇ ಗುರುತಿಸಿದೆವು. ನಂತರ, ಜೀವ ಹೋದ ಜಾಗದಲ್ಲಿ ಒಣಮೆಣಸಿನಕಾಯಿ, ಕೈಕಾಲು ಮುರಿದ ಜಾಗದಲ್ಲಿ ಕಡಲೆ, ಕೂದಲೆಳೆಯಲ್ಲಿ ಪಾರಾದ ಜಾಗದಲ್ಲಿ ತೊಗರಿ ಕಾಳು ಇಡಬೇಕೆಂದು ಹೇಳಿದೆ. ಮೆಣಸಿನಕಾಯಿಗಳು ರಸ್ತೆಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಚದುರಿಬಿದ್ದವು. ತೊಗರಿ ಕಾಳು ಮಾತ್ರ ಎರಡೇ ಜಾಗದಲ್ಲಿ ರಾಶಿಯಾಯಿತು: ಶಾಲೆಯ ಎದುರು, ಮತ್ತು ಸಿ.ಡಿ. ದಾಟಿ ರಸ್ತೆ ತಿರುಗುವ ಕಡೆ. ಮುಂದಿನ ಸಾವು ಎಲ್ಲಿ ಆದೀತು ಎಂದು ತಿಳಿಯಬೇಕಾದರೆ ಹಿಂದಿನ ಸಾವುಗಳಿಗಿಂತ ಪಾರಾದ ಪ್ರಸಂಗಗಳನ್ನೇ ನೋಡಬೇಕು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಪೊಲೀಸ್ ಠಾಣೆಯಲ್ಲಿ ಅವು ಒಂದೂ ದಾಖಲಾಗುವುದಿಲ್ಲ.

ಆ ಸಭೆಗೆ ಬಂದವರೆಲ್ಲ ಗಂಡಸರು. ಹೆಣ್ಣುಮಕ್ಕಳು ದೂರದಲ್ಲಿ ನಿಂತು ನೋಡಿ ಹೊರಟುಹೋದರು. ಆದ್ದರಿಂದ ಸ್ತ್ರೀಶಕ್ತಿ ಸಂಘದವರು ಉಳಿತಾಯದ ಹಣ ಕಟ್ಟಲು ಅಂಗನವಾಡಿಯಲ್ಲಿ ಸೇರುವ ದಿನ, ಅಂಗನವಾಡಿ ಕಾರ್ಯಕರ್ತೆಯನ್ನು ಮುಂದೆ ಮಾಡಿಕೊಂಡು, ಅದೇ ನಕಾಶೆಯನ್ನು ಮತ್ತೆ ಬರೆಸಿದೆವು. ಅಲ್ಲಿ ಕಾಳುಗಳು ಬಿದ್ದ ಜಾಗಗಳೇ ಬೇರೆ. ಬಸ್ ತಂಗುದಾಣದ ಮುಂದೆ ಟಂಟಂಗಳು, ಅಂದರೆ ಜನರನ್ನು ತುಂಬಿಕೊಂಡು ಹೋಗುವ ದೊಡ್ಡ ಆಟೊಗಳು, ಸಾಲಾಗಿ ನಿಲ್ಲುವುದರಿಂದ ಚಾಲಕರು ಬಸ್ಸನ್ನು ಸಾಕಷ್ಟು ಮುಂದೆ ಒಯ್ದು ನಿಲ್ಲಿಸುತ್ತಾರೆ. ಆಗ ಹೆಂಗಸರು ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ಡಾಂಬರಿನ ಮೇಲೆಯೇ ಓಡಬೇಕು. “ಬಸ್ ಎಲ್ಲಿ ನಿಂದರ್ತದೋ ಅದೇ ನಮ್ಮ ಸ್ಟಾಪ್ ನೋಡ್ರಿ ಸರ, ಓಡಲಿಲ್ಲಂದ್ರ ಬಿಟ್ಟು ಹೋಗ್ತಾರ,” ಎಂದರು ಒಬ್ಬ ಹಿರಿಯರು. ನಸುಕಿನಲ್ಲಿ ಬಯಲಿಗೆ ಹೋಗುವ ದಾರಿಯೂ ರಸ್ತೆಯ ಅಂಚೇ; ಕೂಲಿಗೆ ಕರೆದೊಯ್ಯುವ ಗೂಡ್ಸ್ ಗಾಡಿ ಹತ್ತುವುದೂ ಕತ್ತಲಲ್ಲಿ, ತಿರುವಿನ ಹತ್ತಿರವೇ. ಇದು ಗಂಡಸರಿಗೆ ಗೊತ್ತಿಲ್ಲದ ವಿಷಯವಲ್ಲ, ಹೇಳಬೇಕೆಂದು ಅವರಿಗೆ ಅನಿಸಿರಲಿಲ್ಲ ಅಷ್ಟೇ. ಒಂದೇ ಸಭೆ ನಡೆಸಿ ‘ಸಾರ್ವಜನಿಕರ ಅಭಿಪ್ರಾಯ ಸಂಗ್ರಹಿಸಲಾಗಿದೆ’ ಎಂದು ಬರೆಯುವವರ ವರದಿಯನ್ನು ನಾನು ಅಂದಿನಿಂದ ನಂಬುವುದಿಲ್ಲ.

ಪೊಲೀಸ್ ದಾಖಲೆಗಾಗಿ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿದೆವು. ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಒಳಗಿರಬೇಕು. ಹೀಗಾಗಿ ಯಾರ ಹೆಸರನ್ನೂ ಕೇಳದೆ ಮೂರು ವರ್ಷಗಳ ಪ್ರಕರಣ ಸಂಖ್ಯೆ, ದಿನಾಂಕ, ಹೊತ್ತು, ಸ್ಥಳ, ಕಲಂಗಳನ್ನಷ್ಟೇ ಕೇಳಿದೆವು. ಕಲಂ ನೋಡಿದರೆ ಪ್ರಕರಣದ ತೂಕ ತಿಳಿಯುತ್ತದೆ: ಹಳೆಯ ಪ್ರಕರಣಗಳಲ್ಲಿ ಭಾರತೀಯ ದಂಡ ಸಂಹಿತೆಯ 338 ಇದ್ದರೆ ತೀವ್ರ ಗಾಯ, 304(ಎ) ಇದ್ದರೆ ಸಾವು, 2024ರ ಜುಲೈ 1ರ ನಂತರದವುಗಳಲ್ಲಿ ಅದೇ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 125(ಬಿ) ಮತ್ತು 106 ಬರುತ್ತವೆ. ಇವುಗಳನ್ನು ಬೇರ್ಪಡಿಸುವುದು ಏಕೆ ಮುಖ್ಯವೆಂದರೆ, ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ಜಾಗವನ್ನು ‘ಬ್ಲ್ಯಾಕ್ ಸ್ಪಾಟ್’ ಎಂದು ಗುರುತಿಸಬೇಕಾದರೆ ಸುಮಾರು 500 ಮೀಟರ್ ಉದ್ದದ ಒಳಗೆ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯ ಉಂಟಾದ 5 ಅಪಘಾತಗಳಾಗಿರಬೇಕು, ಇಲ್ಲವೇ 10 ಸಾವುಗಳಾಗಿರಬೇಕು. ನಮ್ಮ ಊರಿನ ಮೆಣಸಿನಕಾಯಿಗಳು ಚದುರಿದ್ದವೆಂದು ಹೇಳಿದೆನಲ್ಲ, ಆ ಕಾರಣದಿಂದಲೇ ಅದು ಈ ಅಳತೆಗೆ ಸಿಗುತ್ತಿರಲಿಲ್ಲ. ಎಫ್‌ಐಆರ್‌ಗಳಲ್ಲಿ ಸ್ಥಳವನ್ನು ‘ಸದರಿ ಗ್ರಾಮದ ಹತ್ತಿರ ಮುಖ್ಯ ರಸ್ತೆಯ ಮೇಲೆ’ ಎಂದಷ್ಟೇ ಬರೆದಿದ್ದರೆ 500 ಮೀಟರಿನ ಲೆಕ್ಕ ಹಾಕುವುದು ಸಾಧ್ಯವೂ ಇಲ್ಲ. ನಾವು ಪ್ರತಿ ಪ್ರಕರಣದ ಜಾಗವನ್ನು ಊರವರ ನೆನಪಿನ ಸಹಾಯದಿಂದ ಕಿಲೋಮೀಟರ್ ಕಲ್ಲಿಗೆ ಹೊಂದಿಸಿ, ಪಟ್ಟಿಯ ಪಕ್ಕದಲ್ಲಿ ಒಂದು ಅಂಕಣವಾಗಿ ಸೇರಿಸಿದೆವು. ಮುಂದೆ ಕಚೇರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಅಂಕಣವೇ.

ವಾಹನ ಎಣಿಕೆಯನ್ನು ಡಿಪ್ಲೊಮಾ ವಿದ್ಯಾರ್ಥಿಗಳು ಮತ್ತು ಊರಿನ ಯುವಕರು ಸೇರಿ ಮಾಡಿದರು. ಐದೈದರ ಗೀಟು ಹಾಕಿ ಎಣಿಸುವುದು ಯಾರಿಗಾದರೂ ಬರುತ್ತದೆ. ಕಷ್ಟವಿರುವುದು ಯಾವಾಗ ಎಣಿಸಬೇಕು ಎಂಬುದರಲ್ಲಿ. ಗ್ರಾಮೀಣ ರಸ್ತೆಗಳ ಎಣಿಕೆಯ ಬಗ್ಗೆ ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆಯೇ ವರ್ಷಕ್ಕೆ ಎರಡು ಸಲ, ಒಂದು ಸುಗ್ಗಿ ಮತ್ತು ಮಾರಾಟದ ಹಂಗಾಮಿನಲ್ಲಿ, ಇನ್ನೊಂದು ಸಂಚಾರ ಕಡಿಮೆಯಿರುವ ದಿನಗಳಲ್ಲಿ, ಏಳೇಳು ದಿನ ಎಣಿಸಬೇಕೆಂದು ಹೇಳುತ್ತದೆ. ತೊಗರಿ ಕಲಬುರಗಿಯ ಮಾರುಕಟ್ಟೆಗೆ ಬರುವ ಡಿಸೆಂಬರ್, ಜನವರಿಯಲ್ಲಿ ಈ ರಸ್ತೆಯ ಮೇಲೆ ಟ್ರ್ಯಾಕ್ಟರುಗಳು ಎಷ್ಟಿರುತ್ತವೆ ಎಂಬುದು ಮಳೆಗಾಲದ ಎಣಿಕೆಯಿಂದ ತಿಳಿಯುವುದಿಲ್ಲ. ಎಣಿಸಿದ ಮೇಲೆ ಪ್ರತಿ ವಾಹನವನ್ನೂ ಕಾರಿನ ಲೆಕ್ಕಕ್ಕೆ ತರಬೇಕು: ಬೈಕು ಅರ್ಧ, ಬಸ್ಸು ಅಥವಾ ಲಾರಿ 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ 4.5, ಎತ್ತಿನ ಬಂಡಿ 8. ಆ ಕೋಷ್ಟಕದಲ್ಲಿ ನಡೆದು ಹೋಗುವವರಿಗೆ ಅಂಕವೇ ಇಲ್ಲ. ರಸ್ತೆಯ ಅಗಲ ನಿರ್ಧರಿಸುವ ಕೋಷ್ಟಕವಾದ್ದರಿಂದ ಅದರಲ್ಲಿ ತಪ್ಪೇನೂ ಇಲ್ಲ, ಆದರೆ ದಾಟುವವರನ್ನು ಬೇರೆಯಾಗಿ ಎಣಿಸಲು ಯಾರಾದರೂ ಮನಸ್ಸು ಮಾಡದಿದ್ದರೆ ಅವರು ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಶಾಲೆ ಕೂಡುವ ಮತ್ತು ಬಿಡುವ ಹೊತ್ತಿನಲ್ಲಿ ದಾಟುವವರನ್ನು ಎಣಿಸುವ ಕೆಲಸವನ್ನು ಹತ್ತನೇ ತರಗತಿಯ ಹುಡುಗಿಯರಿಗೆ ಕೊಟ್ಟೆವು. ಅವರು ದಾಟುವವರನ್ನಷ್ಟೇ ಅಲ್ಲ, ದಾಟಲು ಹೋಗಿ ಅರ್ಧದಿಂದ ಹಿಂದೆ ಸರಿದವರನ್ನೂ ಪ್ರತ್ಯೇಕವಾಗಿ ಗೀಟು ಹಾಕಿ ತಂದರು. ಅದು ನಾನು ಹೇಳಿಕೊಟ್ಟದ್ದಲ್ಲ.

ತಿರುವಿನ ಹತ್ತಿರ ಟೇಪ್ ಹಿಡಿದು ನೋಟದ ದೂರವನ್ನು ಅಳೆದೆವು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಎದುರಿಗಿರುವುದನ್ನು ಕಂಡು ನಿಲ್ಲಲು 120 ಮೀಟರ್ ಬೇಕು. ಅಲ್ಲಿ ಅದರ ಮುಕ್ಕಾಲು ಭಾಗವೂ ಕಾಣುತ್ತಿರಲಿಲ್ಲ, ಏಕೆಂದರೆ ರಸ್ತೆಯ ಒಳ ಅಂಚಿನಲ್ಲಿ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು. ಕಚೇರಿಗೆ ತಿಳಿಸಿ, ಊರವರೇ ಒಂದು ಬೆಳಗ್ಗೆ ಅದನ್ನು ಕಡಿದರು. ಇಡೀ ಕೆಲಸದಲ್ಲಿ ಮಂಜೂರಾತಿಗೆ ಕಾಯದೆ ಆದ ಸುಧಾರಣೆ ಅದೊಂದೇ.

ಇನ್ನು ಹಂಪ್ಸ್ ವಿಷಯ. ಎಲ್ಲ ಊರುಗಳಲ್ಲೂ ಮೊದಲ ಬೇಡಿಕೆ ಇದೇ. “ಮದ್ಲ ಎರಡು ಹಂಪ್ಸ್ ಹಾಕಸ್ರಿ ಸರ, ಉಳಿದದ್ದು ಆಮ್ಯಾಲ ಮಾತಾಡೋಣು,” ಎಂದು ಯುವಕರು ಪಟ್ಟು ಹಿಡಿದರು. ಒಂದು ಸಾವಾದ ರಾತ್ರಿಯೇ ಮಣ್ಣು, ಕಲ್ಲು, ಹಳೆಯ ಟೈರು ಸುರಿದು ಉಬ್ಬು ಮಾಡುವುದು ನಮ್ಮಲ್ಲಿ ಹೊಸದಲ್ಲ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ರಸ್ತೆ ಕಾಂಗ್ರೆಸ್ಸಿನ ಸಂಹಿತೆಯಂತೆ ಮಾಡಿದ ವೇಗತಡೆ 3.7 ಮೀಟರ್ ಅಗಲ ಮತ್ತು 10 ಸೆಂಟಿಮೀಟರ್ ಎತ್ತರವಿದ್ದು, ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ದಾಟಲು ಯೋಗ್ಯವಾಗಿರುತ್ತದೆ. ಊರವರು ಹಾಕುವ ಉಬ್ಬು ಅಗಲದಲ್ಲಿ ಮೊಳವಿದ್ದರೆ ಎತ್ತರದಲ್ಲಿ ಗೇಣು. ಬಣ್ಣವಿಲ್ಲ, ಫಲಕವಿಲ್ಲ, ರಾತ್ರಿ ಬರುವ ಬೈಕ್ ಸವಾರನಿಗೆ ಅದು ಕಾಣುವುದು ಬಿದ್ದ ಮೇಲೆ. ಮೇಲಾಗಿ ರಾಷ್ಟ್ರೀಯ ಹೆದ್ದಾರಿಯ ಮೇಲೆ ವೇಗತಡೆ ಬೇಡವೆಂಬುದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಸೂಚನೆಯಾಗಿರುವುದರಿಂದ ಆ ಬೇಡಿಕೆ ಇಟ್ಟ ಅರ್ಜಿ ಮೊದಲ ಮೇಜಿನಲ್ಲೇ ನಿಂತುಹೋಗುತ್ತದೆ. ಇದನ್ನು ಅವರಿಗೆ ಒಪ್ಪಿಸಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಹೆದ್ದಾರಿಗೆ ರಂಬಲ್ ಸ್ಟ್ರಿಪ್ (ಗಾಡಿ ಗಡಗಡಿಸಿ ಚಾಲಕನನ್ನು ಎಚ್ಚರಿಸುವ ಸಣ್ಣ ಉಬ್ಬುಪಟ್ಟಿಗಳು), ಶಾಲೆಯ ಎಚ್ಚರಿಕೆ ಫಲಕ ಮತ್ತು ಝೀಬ್ರಾ ಪಟ್ಟಿ, ಹೆದ್ದಾರಿಗೆ ಬಂದು ಸೇರುವ ಊರಿನ ಒಳರಸ್ತೆಗೆ ಸರಿಯಾದ ಅಳತೆಯ ವೇಗತಡೆ ಎಂದು ಹಂಚಿಕೊಂಡೆವು. ಒಳರಸ್ತೆಯಿಂದ ಬೈಕುಗಳು ನಿಲ್ಲದೆ ನುಗ್ಗುವುದೂ ಅಪಘಾತಕ್ಕೆ ಕಾರಣ ಎಂಬುದನ್ನು ಸ್ವತಃ ಯುವಕರೇ ನಕಾಶೆಯ ಮೇಲೆ ತೋರಿಸಿದ್ದರು.

ಅರ್ಜಿಯನ್ನು ಯಾರಿಗೆ ಕೊಡಬೇಕೆಂಬುದು ಹಳ್ಳಿಯವರನ್ನು ಅತಿ ಹೆಚ್ಚು ಅಲೆದಾಡಿಸುವ ಪ್ರಶ್ನೆ. ಕಿಲೋಮೀಟರ್ ಕಲ್ಲಿನ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾಗಿದ್ದರೆ ಗ್ರಾಮೀಣ ರಸ್ತೆ ಎಂದು ತಿಳಿಸಿದ ಮೇಲೆ ಊರವರು ತಾವೇ ಬೇಡಿಕೆಗಳನ್ನು ಬೇರೆ ಬೇರೆ ಹಾಳೆಗಳಿಗೆ ಹಂಚಿದರು. ಗ್ರಾಮ ಸಭೆಯ ನಡವಳಿಯಲ್ಲಿ ಠರಾವು ಬರೆಸಿ, ಅದರ ನಕಲಿನ ಜೊತೆ ನಕಾಶೆ, ಎಣಿಕೆಯ ಕೋಷ್ಟಕ, ಪ್ರಕರಣಗಳ ಪಟ್ಟಿ ಇಟ್ಟು, ಜಿಲ್ಲಾಧಿಕಾರಿಯವರು ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಸಲ್ಲಿಸಿದೆವು. ಪೊಲೀಸ್, ಸಾರಿಗೆ ಮತ್ತು ಲೋಕೋಪಯೋಗಿ ಇಲಾಖೆಗಳವರು ಒಂದೇ ಮೇಜಿಗೆ ಬರುವುದು ಅಲ್ಲಿಯೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಸಂಭವಿಸಿದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅದನ್ನೇ ಅರ್ಜಿಯ ಮೊದಲ ಸಾಲಾಗಿ ಬರೆಯೋಣವೆಂದು ಒಬ್ಬ ಯುವಕ ಹೇಳಿದಾಗ ನಾನು ಒಪ್ಪಲಿಲ್ಲ. ಬೆದರಿಕೆಯಿಂದ ಶುರುವಾದ ಕಡತಕ್ಕೆ ಕಾನೂನು ಶಾಖೆಯ ಅಭಿಪ್ರಾಯ ಕೇಳುತ್ತಾರೆ, ಇಂಜಿನಿಯರರ ಅಭಿಪ್ರಾಯವನ್ನಲ್ಲ.

ನಾವು ಕೇಳಿದ್ದು ಜಂಟಿ ಸ್ಥಳ ಪರಿಶೀಲನೆಯನ್ನು, ಅದೂ ಶಾಲೆ ಬಿಡುವ ಹೊತ್ತಿಗೆ. ಒಂದು ಕಚೇರಿಯವರು ಎರಡು ಸಲ ದಿನ ಗೊತ್ತುಮಾಡಿ ಬರಲೇ ಇಲ್ಲ. ಕೊನೆಗೆ ಎಲ್ಲರೂ ಬಂದ ದಿನ, ರಸ್ತೆ ದಾಟಲು ಮಕ್ಕಳ ಜೊತೆ ನಿಂತ ಇಂಜಿನಿಯರರೊಬ್ಬರು ತಾವೇ ಕಾಯಬೇಕಾಗಿ ಬಂದು, ಝೀಬ್ರಾ ಪಟ್ಟಿಯನ್ನು ಶಾಲೆಯ ಗೇಟಿನ ಎದುರಿನಿಂದ ಸ್ವಲ್ಪ ಸರಿಸಿ, ಎರಡೂ ಕಡೆ ದೂರದವರೆಗೆ ಕಾಣುವ ಜಾಗಕ್ಕೆ ಒಯ್ಯುವುದು ಒಳ್ಳೆಯದೆಂದು ಸೂಚಿಸಿದರು. ಅದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ, ನಮ್ಮ ಸಲಹೆಗಿಂತ ಉತ್ತಮವಾಗಿಯೂ ಇತ್ತು.

ಬಸ್ಸಿನ ವಿಷಯಕ್ಕೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಡಿಪೋಗೆ ಹೋದೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಬಸ್ಸು ತುಂಬಿ ಬರುವುದು ಹೆಚ್ಚಾಗಿ, ಬೆಳಗಿನ ಬಸ್ಸು ನಮ್ಮ ಊರಿನಲ್ಲಿ ನಿಲ್ಲದೆ ಹೋಗುವುದು, ಕಾಲೇಜಿನ ಹುಡುಗಿಯರು ಟಂಟಂನ ಹಿಂದೆ ಜೋತುಬಿದ್ದು ಹೋಗುವುದು ನಡೆದಿತ್ತು. ಜನ ಹೊಸ ಬಸ್ಸು ಕೇಳೋಣ ಎಂದರು. ನಾನು ಬೇರೆ ದಾರಿ ಹೇಳಿದೆ: ಮಹಿಳೆಯರಿಗೆ ಕೊಡುವ ಶೂನ್ಯ ಟಿಕೆಟ್ಟೂ ನಿರ್ವಾಹಕರ ಯಂತ್ರದಿಂದಲೇ ಬರುವುದರಿಂದ, ಯಾವ ಸ್ಟೇಜಿನಿಂದ ಎಷ್ಟು ಮಂದಿ ಹತ್ತಿದರೆಂಬ ಲೆಕ್ಕ ಡಿಪೋದಲ್ಲಿಯೇ ಇರುತ್ತದೆ. ಅದನ್ನು ನೋಡಿ ಈಗಿರುವ ಒಂದು ಟ್ರಿಪ್ಪಿನ ಹೊತ್ತನ್ನು ಹಿಂದೆ ಮುಂದೆ ಮಾಡಿರೆಂದು ಕೇಳಿದೆವು. ಹೊಸ ಬಸ್ಸಿಗೆ ಚಾಲಕ, ನಿರ್ವಾಹಕ, ಮೇಲಧಿಕಾರಿಗಳ ಒಪ್ಪಿಗೆ ಎಲ್ಲವೂ ಬೇಕು; ಹೊತ್ತು ಬದಲಿಸುವುದು ಡಿಪೋ ಮಟ್ಟದಲ್ಲಿಯೇ ಬಗೆಹರಿಯಿತು.

ಅತಿ ಕಠಿಣವಾದ ಸಭೆ ಅಂಗಡಿಗಳದು. ಬಸ್ಸು ರಸ್ತೆಯಿಂದ ಬದಿಗೆ ಸರಿದು ನಿಲ್ಲುವ ಜಾಗ, ಅಂದರೆ ಬಸ್ ಬೇ, ಮಾಡಬೇಕಾದರೆ ರಸ್ತೆಯ ಗಡಿಯೊಳಗೆ ಹಾಕಿದ ತಗಡಿನ ಶೆಡ್ಡುಗಳು ಹಿಂದೆ ಸರಿಯಬೇಕು, ಟಂಟಂಗಳಿಗೆ ಬೇರೆ ಜಾಗ ಕೊಡಬೇಕು. ಸುರಕ್ಷತೆ ಬೇಕೆಂದು ಸಹಿ ಹಾಕಿದವರಲ್ಲಿಯೇ ಕೆಲವರು ಆ ದಿನ ಎದ್ದು ಹೋದರು. ಹೊಟ್ಟೆಪಾಡಿನ ಪ್ರಶ್ನೆಯಾದ್ದರಿಂದ ಅವರನ್ನು ದೂರುವಂತಿಲ್ಲ. ಟಂಟಂನವರು ತಂಗುದಾಣದ ಹಿಂದಿನ ಪಂಚಾಯಿತಿ ಜಾಗಕ್ಕೆ ಹೋಗಲು ಒಪ್ಪಿದರು. ಶೆಡ್ಡುಗಳಲ್ಲಿ ಕೆಲವು ಸರಿದವು, ಎರಡು ಸರಿಯಲಿಲ್ಲ. ಹೀಗಾಗಿ ಬಸ್ ಬೇ ಅಂದುಕೊಂಡಷ್ಟು ಉದ್ದವಾಗಿಲ್ಲ. ರೈತರು ಟ್ರೇಲರುಗಳ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಲು ತಕರಾರಿಲ್ಲದೆ ಒಪ್ಪಿಕೊಂಡರು.

ಈಗ ರಂಬಲ್ ಸ್ಟ್ರಿಪ್, ಫಲಕ, ಝೀಬ್ರಾ ಪಟ್ಟಿಗಳ ಕೆಲಸ ಮುಗಿದಿದೆ. ಬೀದಿದೀಪದ ಕಂಬಗಳು ನಿಂತಿವೆ, ಕರೆಂಟ್ ಬಿಲ್ಲನ್ನು ಗ್ರಾಮ ಪಂಚಾಯಿತಿ ಕಟ್ಟುವುದೆಂದು ಠರಾವಾಗಿದೆ. ಸಿ.ಡಿ.ಯನ್ನು ಅಗಲಗೊಳಿಸಿ, ನಡೆಯುವವರಿಗೆ ಬದಿಯಲ್ಲಿ ಜಾಗ ಬಿಡುವ ಕೆಲಸ ಇನ್ನೂ ಅಂದಾಜು ಪಟ್ಟಿಯ ಹಂತದಲ್ಲಿದ್ದು, ಅದಕ್ಕೆ ಸುಗ್ಗಿಯ ಕಾಲದ ಎಣಿಕೆಯನ್ನು ಸೇರಿಸಿ ಕೊಡಿರೆಂದು ಕಚೇರಿಯವರೇ ಕೇಳಿದ್ದಾರೆ. ಬರುವ ಜನವರಿಯಲ್ಲಿ ಏಳು ದಿನ ಎಣಿಸಲು ಯುವಕರು ಪಾಳಿ ಹಂಚಿಕೊಂಡಿದ್ದಾರೆ, ದಾಟುವವರ ಎಣಿಕೆ ಮತ್ತೆ ಶಾಲೆಯ ಹುಡುಗಿಯರದೇ.