ಚಪ್ಪೆ ಬೇನೆ ಸೂಜಿ ಬಸವ ಜಯಂತಿಗೇ ಹಾಕಿಸಿಬಿಡಿ

ನಮ್ಮ ಸಿಂಧನೂರು, ಮಾನ್ವಿ ಕಡೆ ದನಗಳ ಚಪ್ಪೆ ಬೇನೆಗೆ (ಬ್ಲ್ಯಾಕ್ ಕ್ವಾರ್ಟರ್) ಹಾಕಿಸುವ ಲಸಿಕೆ ಸೂಜಿ ನೆನಪಾಗುವುದು ಪಕ್ಕದ ಮನೆಯ ಕರು ಸತ್ತ ಮೇಲೆ. ನಾನೂ ಹಾಗೇ ತಡ ಮಾಡಿದ್ದೆ. ಒಂದೂವರೆ ವರ್ಷದ ಹೋರಿಗರು, ಮೈತುಂಬಿ ನಿಂತಿತ್ತು, ಒಂದು ಸಂಜೆ ಹಿಂಗಾಲು ಎಳೆಯುತ್ತಾ ಬಂತು, ಉಳುಕಿರಬೇಕು ಅಂತ ಎಣ್ಣೆ ತಿಕ್ಕಿದೆ. ಮರುದಿನ ಮಧ್ಯಾಹ್ನಕ್ಕೆ ಹೋಯಿತು.

ಇದು ಮಣ್ಣಿನಿಂದ ಬರುವ ರೋಗ. ರೋಗಾಣುವಿನ ಬೀಜಕಗಳು ನೆಲದಲ್ಲಿ ವರ್ಷಗಟ್ಟಲೆ ಸಾಯುವುದಿಲ್ಲ. ಮಳೆ ಬಿದ್ದು ಹುಲ್ಲು ಚಿಗುರಿದಾಗ ದನ ನೆಲಕ್ಕೆ ಬಾಯಿ ಹಚ್ಚಿ ಮೇಯುತ್ತವೆ ಅಲ್ವಾ, ಆಗ ಮಣ್ಣಿನ ಜೊತೆ ಹೊಟ್ಟೆಗೆ ಹೋಗುತ್ತವೆ. 6 ತಿಂಗಳಿಂದ 2 ವರ್ಷದ ಕರುಗಳಿಗೇ ಜಾಸ್ತಿ, ಅದರಲ್ಲೂ ಚೆನ್ನಾಗಿ ತಿಂದು ಬೆಳೆದವಕ್ಕೆ.

ಸೂಜಿ ಹಾಕಿದ ದಿನವೇ ಶಕ್ತಿ ಬರಲ್ಲ, ಎರಡು ಮೂರು ವಾರ ಬೇಕು. ಮಿರ್ಗ (ಮೃಗಶಿರ) ಮಳೆ ಜೂನ್ 7-8ರ ಹೊತ್ತಿಗೆ ಕೂಡುತ್ತದೆ. ಅದಕ್ಕೇ ಬಸವ ಜಯಂತಿಗೆ ಎತ್ತಿನ ಮೈ ತೊಳೆಯುವಾಗಲೇ ಲೆಕ್ಕ ಹಾಕಿ, ಆ ವಾರದಲ್ಲೇ ಹಾಕಿಸಿ. ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿಯುವ ಹೊತ್ತಿಗೆ ದನ ಗಟ್ಟಿಯಾಗಿರುತ್ತದೆ. ಪ್ರತಿ ವರ್ಷ ಹಾಕಿಸಬೇಕು, ಒಮ್ಮೆ ಹಾಕಿಸಿದರೆ ಮುಗಿಯಲಿಲ್ಲ. ಗಳಲೆ ರೋಗದ (ಗಂಟಲು ಬೇನೆ) ಸೂಜಿಗೂ ಇದೇ ಕಾಲ, ಎರಡೂ ಕೂಡಿದ ಲಸಿಕೆ ಸಿಗುತ್ತಾ ಅಂತ ಪಶು ಆಸ್ಪತ್ರೆಯಲ್ಲಿ ಕೇಳಿ.

ಎರಡು ವಾರ ಮೊದಲು ಜಂತಿನ ಔಷಧಿ ಕುಡಿಸಿ. ಜ್ವರ ಇದ್ದ ದನಕ್ಕೆ ಆವತ್ತು ಬೇಡ. ಗಬ್ಬದ ಆಕಳಿದ್ದರೆ ಎಷ್ಟು ತಿಂಗಳು ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಲಸಿಕೆ ಕೆಡುವುದು ದಾರಿಯಲ್ಲಿ. 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು, ಹೆಪ್ಪುಗಟ್ಟಲೂಬಾರದು. ನಮ್ಮ ಮೇ ಬಿಸಿಲಿನಲ್ಲಿ ಬಾಟಲಿಯನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಬಂದರೆ ಸುಮ್ನೆ ದನಕ್ಕೆ ನೋವು, ಅಷ್ಟೇ. ಐಸ್ ಡಬ್ಬಿಯಲ್ಲಿ ತಂದಿದ್ದಾರಾ, ಬಾಟಲಿ ಅಲುಗಾಡಿಸಿ ತೆಗೆದರಾ, ನಿಂತು ನೋಡಿ. ಕೇಳಲು ಸಂಕೋಚ ಬೇಡ. ಎಷ್ಟು ಎಂ.ಎಲ್. ಅನ್ನುವುದು ಬಾಟಲಿ ಮೇಲೆಯೇ ಇರುತ್ತದೆ, ಚರ್ಮದ ಕೆಳಗೆ ಹಾಕುತ್ತಾರೆ. ಹಾಕಿದ ಕಡೆ ಸಣ್ಣ ಗಂಟು ಬಂದರೆ ಹೆದರಬೇಡಿ, ತಾನಾಗಿ ಇಳಿಯುತ್ತದೆ.

ಕುಂಟುವುದು, ಜೋರು ಜ್ವರ, ಚಪ್ಪೆ (ತೊಡೆಯ ಮೇಲ್ಭಾಗ) ಇಲ್ಲವೇ ಭುಜದ ಮೇಲೆ ಬಾವು, ಒತ್ತಿದರೆ ಚರಚರ ಸದ್ದು: ಇಷ್ಟು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಪೆನಿಸಿಲಿನ್ ಮೊದಲ ಕೆಲವು ಗಂಟೆಯಲ್ಲಿ ಕೊಟ್ಟರೆ ಮಾತ್ರ ಆಸೆ.

ಸತ್ತರೆ ಚರ್ಮ ಸುಲಿಯಬೇಡಿ, ಕೊಯ್ಯಬೇಡಿ, ಕಾಲುವೆಗೆ ಎಸೆಯಬೇಡಿ. ಮೂಗು ಬಾಯಿಂದ ಕಪ್ಪು ರಕ್ತ ಬಂದಿದ್ದರೆ ನೆರಡಿ ರೋಗವೂ (ಆಂಥ್ರಾಕ್ಸ್) ಇರಬಹುದು, ಅದು ಮನುಷ್ಯರಿಗೂ ಅಂಟುತ್ತದೆ, ಡಾಕ್ಟರು ಬರುವ ತನಕ ಮುಟ್ಟಬೇಡಿ. ಆರಡಿ ಗುಂಡಿ ತೋಡಿ, ಸುಣ್ಣ ಸುರಿದು ಹೂಳಿ. ಆ ಜಾಗದಲ್ಲಿ ಮೇಯಿಸಬೇಡಿ.

ಬಸವ ಜಯಂತಿ ಹೊತ್ತಿಗೆ ಇನ್ನೂ ನಾಲ್ಕೇ ತಿಂಗಳು ತುಂಬಿದ ಕರುವಿಗೆ ಸೂಜಿ ಬಿಟ್ಟುಹೋಗುವುದೇ ಜಾಸ್ತಿ. ಅದಕ್ಕೆ ಆರು ತಿಂಗಳು ತುಂಬುವ ದಿನವನ್ನು ಕೊಟ್ಟಿಗೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡಿ.