ಬರುವ ಮೇಲ್‌ಗೆ ಬೀಗ ಹಾಕುವುದು ಎಲ್ಲಿ?

ಕಾಸರಗೋಡಿನ ಒಂದು ವಕೀಲರ ಆಫೀಸಿಗೆ ನಾನು ಮೇಲ್ ಸರ್ವರ್ ಮಾಡಿಕೊಟ್ಟೆ. ಕಕ್ಷಿದಾರರು ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯವರು. ಜಾಗದ ದಾಖಲೆ, ವಿಲ್ಲು, ವಿಚ್ಛೇದನದ ಕಾಗದ, ಎಲ್ಲವನ್ನೂ ಫೋನಿನಲ್ಲಿ ಫೋಟೊ ಹೊಡೆದು ಮೇಲ್ ಮಾಡುತ್ತಾರೆ. ಅವರಿಗೆಲ್ಲ ಪಿಜಿಪಿ (ಮೇಲನ್ನು ಗೂಢಲಿಪಿಗೆ ತಿರುಗಿಸಿ ಬೀಗ ಹಾಕುವ ವಿಧಾನ) ಕಲಿಸುವುದು ಆಗದ ಮಾತು. ಹಾಗಾಗಿ ಮೇಲ್ ಸಾದಾ ಆಗಿಯೇ ಬರಲಿ, ನಮ್ಮ ಡಿಸ್ಕಿನ ಮೇಲೆ ಕೂರುವಾಗ ಬೀಗ ಬಿದ್ದಿರಲಿ ಎಂದು ತೀರ್ಮಾನಿಸಿದೆವು. ಸರ್ವರ್‌ನಲ್ಲಿ ಬೀಗ ಹಾಕುವ ಪಬ್ಲಿಕ್ ಕೀ ಮಾತ್ರ. ಬೀಗ ತೆರೆಯುವ ಪ್ರೈವೇಟ್ ಕೀ ವಕೀಲರ ಲ್ಯಾಪ್‌ಟಾಪಿನಲ್ಲಿ.

ಮೇಲ್ ಬರಮಾಡಿಕೊಳ್ಳಲು ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸಿಗೆ ಡವ್‌ಕಾಟ್, ಸ್ಪ್ಯಾಮ್ ಹಿಡಿಯಲು ಆರ್‌ಸ್ಪ್ಯಾಮ್‌ಡಿ, ಪಿಜಿಪಿ ಬೀಗಕ್ಕೆ ಗ್ನುಪಿಜಿ. ಇದರಲ್ಲಿ ಹೊಸದೇನೂ ಇಲ್ಲ. ತಲೆ ಕೆಡಿಸಿದ್ದು ಬೀಗ ಹಾಕುವ ಜಾಗ.

ಸುಲಭದ ದಾರಿ ಅಂದರೆ ಕೊನೆಗೆ, ಡವ್‌ಕಾಟ್ ಮೇಲ್‌ಬಾಕ್ಸಿಗೆ ಹಾಕುವಾಗ. ಆದರೆ ಅಷ್ಟರಲ್ಲಿ ಪೋಸ್ಟ್‌ಫಿಕ್ಸ್ ಆ ಕಾಗದವನ್ನು ತನ್ನ ಕ್ಯೂನಲ್ಲಿ (ಮೇಲ್ ಸರದಿ ಕಾಯುವ ಜಾಗ, ಅದೂ ಡಿಸ್ಕಿನ ಮೇಲೆ) ಸಾದಾ ರೂಪದಲ್ಲಿ ಬರೆದಿಟ್ಟಿರುತ್ತದೆ. ಆಮೇಲೆ ಅಳಿಸಿದರೂ ಎಸ್‌ಎಸ್‌ಡಿಯಲ್ಲಿ ಅದು ನಿಜವಾಗಿ ಹೋಯಿತು ಅನ್ನುವ ಖಾತ್ರಿ ಇಲ್ಲ. ಹಾಗಾದರೆ ಕ್ಯೂವನ್ನೇ ರ‍್ಯಾಮಿನಲ್ಲಿ ಇಟ್ಟರೆ? ಅದೂ ಬೇಡ. ಸರ್ವರ್ ‘250’ (ಮೇಲ್ ಒಪ್ಪಿಕೊಂಡೆ) ಎಂದು ಉತ್ತರಿಸುವುದು ರಿಜಿಸ್ಟರ್ಡ್ ಅಂಚೆಗೆ ಸಹಿ ಹಾಕಿದ ಹಾಗೆ. ಅಲ್ಲಿಂದ ಮುಂದೆ ಹೊಣೆ ನಮ್ಮದು. ಮೆಷಿನ್ ರೀಸ್ಟಾರ್ಟ್ ಆಗಿ ಮೇಲ್ ಮಾಯವಾದರೆ ಕಳಿಸಿದವರಿಗೆ ಗೊತ್ತೇ ಆಗುವುದಿಲ್ಲ. ಕೋರ್ಟಿನ ವಾಯಿದೆ ಇರುವ ಕಡೆ ಅದು ಆಟವಲ್ಲ, ಅಲ್ವಾ?

ಕೊನೆಗೆ ಕ್ಯೂಗೂ ಮೊದಲೇ ಪ್ರಾಕ್ಸಿ ಫಿಲ್ಟರ್ (ಮಧ್ಯದಲ್ಲಿ ನಿಂತು ಮೇಲ್ ಪರೀಕ್ಷಿಸುವ ಪ್ರೋಗ್ರಾಂ) ಇಟ್ಟೆ. ಪೋಸ್ಟ್‌ಫಿಕ್ಸ್ ಮೇಲನ್ನು ಡಿಸ್ಕಿಗೆ ಬರೆಯದೆ ನೇರ ನನ್ನ ಫಿಲ್ಟರಿಗೆ ಹರಿಸುತ್ತದೆ. ಫಿಲ್ಟರ್ ಅದನ್ನು ಮೆಮೊರಿಯಲ್ಲೇ ಇಟ್ಟುಕೊಂಡು ಮೊದಲು ಡಿಕಿಮ್ ಸಹಿ (ಕಳಿಸಿದ ಡೊಮೇನಿನ ಗುರುತು), ಸ್ಪ್ಯಾಮ್, ವೈರಸ್ ನೋಡುತ್ತದೆ. ಬೀಗ ಹಾಕಿದ ಮೇಲೆ ಇವು ಯಾವುದೂ ಆಗುವುದಿಲ್ಲ. ಆಮೇಲೆ ಬೀಗ ಹಾಕಿ ಇನ್ನೊಂದು ಪೋರ್ಟಿನಲ್ಲಿ ಪೋಸ್ಟ್‌ಫಿಕ್ಸಿಗೇ ವಾಪಸ್ ಕೊಡುತ್ತದೆ. ಅಲ್ಲಿ ಸಿಕ್ಕ 250 ಮಾತ್ರ ಕಳಿಸಿದವರಿಗೆ ತಲುಪುತ್ತದೆ. ಮೊದಲೇ ಪಿಜಿಪಿಯಲ್ಲಿ ಬಂದ ಮೇಲನ್ನು ಮುಟ್ಟುವುದಿಲ್ಲ.

ಒಂದು ತೊಡಕಿದೆ. ಹೀಗೆ ಪ್ರಾಕ್ಸಿ ಇಟ್ಟರೆ ಮಿಲ್ಟರ್‌ಗಳಿಗೆ (ಪೋಸ್ಟ್‌ಫಿಕ್ಸಿಗೆ ಜೋಡಿಸುವ ಪರೀಕ್ಷಕ ಪ್ರೋಗ್ರಾಂಗಳು) ಮೇಲಿನ ಒಳಗಿನ ವಿಷಯ ಕಾಣುವುದಿಲ್ಲ. ಆದ್ದರಿಂದ ಆರ್‌ಸ್ಪ್ಯಾಮ್‌ಡಿಯನ್ನು ಫಿಲ್ಟರಿನಿಂದಲೇ ಎಚ್‌ಟಿಟಿಪಿ ಮೂಲಕ ಕೇಳಬೇಕು. ವೈರಸ್ ಹುಡುಕುವ ಕ್ಲ್ಯಾಮ್‌ಎವಿಯ ತಾತ್ಕಾಲಿಕ ಫೈಲುಗಳಿಗೆ ರ‍್ಯಾಮಿನಲ್ಲಿ ಜಾಗ ಕೊಟ್ಟೆ. ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಇಳಿಸುವ ಸ್ವಾಪ್ ಬಂದ್.

ಕೀ ಅವಧಿ ಮುಗಿದಿದ್ದರೆ, ಗ್ನುಪಿಜಿ ಎಡವಿದರೆ, ಏನೇ ಆದರೂ ಉತ್ತರ ‘451’, ಅಂದರೆ ಆಮೇಲೆ ಬನ್ನಿ. ಸಾದಾ ರೂಪದಲ್ಲಿ ಉಳಿಸುವ ಮಾತೇ ಇಲ್ಲ. ಕಳಿಸುವ ಸರ್ವರ್ ಕನಿಷ್ಠ 4–5 ದಿನ ಮತ್ತೆ ಮತ್ತೆ ಪ್ರಯತ್ನಿಸಬೇಕು ಎಂದು ಮೇಲ್ ರವಾನೆಯ ನಿಯಮಾವಳಿ ಆರ್‌ಎಫ್‌ಸಿ 5321 ಹೇಳುತ್ತದೆ. ರಿಪೇರಿಗೆ ಅಷ್ಟು ಸಮಯ ಧಾರಾಳ. ಸ್ಪ್ಯಾಮಿಗೆ ಅಲ್ಲೇ ‘554’, ಅಂದರೆ ಬೇಡ. ಒಪ್ಪಿಕೊಂಡು ಆಮೇಲೆ ಬೌನ್ಸ್ ಮಾಡಿದರೆ (ವಾಪಸ್ ಕಳಿಸಿದರೆ), ಸ್ಪ್ಯಾಮಿನವರು ಯಾರ ವಿಳಾಸ ಕದ್ದು ಹಾಕಿದ್ದಾರೋ ಆ ಪಾಪದವರ ಇನ್‌ಬಾಕ್ಸ್ ತುಂಬುತ್ತದೆ. ಈ ಪದ್ಧತಿಯಲ್ಲಿ ಕಳಿಸುವವರ ಸಂಪರ್ಕ ಪರೀಕ್ಷೆ ಮುಗಿಯುವ ತನಕ ಕಾಯುತ್ತದೆ. ಚಿಕ್ಕ ಆಫೀಸಿಗೆ ಸಾಕು, ದೊಡ್ಡ ಕಂಪೆನಿಗೆ ನಾನು ಹೇಳಲಾರೆ.

ನಮ್ಮ ಜನ ಇಡೀ ಕಥೆಯನ್ನು ಸಬ್ಜೆಕ್ಟಿನಲ್ಲೇ ಬರೆಯುತ್ತಾರೆ! ಕನ್ನಡ ಸಬ್ಜೆಕ್ಟ್ ಸರ್ವರ್‌ನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಗುಮಾಸ್ತರು ಅದನ್ನು ನೋಡಿ, “ಇದಕ್ಕೆ ಆಗಲೇ ಬೀಗ ಬಿದ್ದಿದೆಯಲ್ಲ ಮಾರಾಯ್ರೇ?” ಎಂದರು. ಅದು ಬರೀ ಬೇಸ್64 (ಅಕ್ಷರಗಳನ್ನು ಬೇರೆ ರೂಪದಲ್ಲಿ ಬರೆಯುವ ರೀತಿ), ಯಾರು ಬೇಕಾದರೂ ಬಿಡಿಸಬಹುದು. ಹಾಗಾಗಿ ಸಬ್ಜೆಕ್ಟನ್ನೂ ಬೀಗದೊಳಗೆ ಸೇರಿಸಿ ಹೊರಗೆ ಮೂರು ಚುಕ್ಕಿ ಬಿಟ್ಟೆ. ಥಂಡರ್‌ಬರ್ಡ್‌ನಲ್ಲಿ (ಮೇಲ್ ಓದುವ ಪ್ರೋಗ್ರಾಂ) ತೆರೆದಾಗ ನಿಜವಾದದ್ದು ಕಾಣುತ್ತದೆ. ಕಳಿಸಿದವರ ವಿಳಾಸ, ತಾರೀಕು ಮುಂತಾದವು ಮಾತ್ರ ಬಯಲಲ್ಲೇ ಇವೆ.

ಸರ್ವರನ್ನೇ ಯಾರಾದರೂ ವಶ ಮಾಡಿಕೊಂಡರೆ ಅಂದಿನಿಂದ ಬರುವ ಮೇಲ್ ಓದಬಹುದು, ಹಳೆಯದನ್ನಲ್ಲ. ಇದನ್ನು ವಕೀಲರಿಗೆ ಮೊದಲೇ ಬಿಡಿಸಿ ಹೇಳಿದೆ. ಅವರು ಕೇಳಿದ್ದು ಬೇರೆ: “ನನ್ನ ಲ್ಯಾಪ್‌ಟಾಪ್ ಹಾಳಾದರೆ?” ಅದಕ್ಕೇ ಪ್ರತಿ ಮೇಲಿಗೂ ಎರಡು ಕೀಗಳಿಂದ ಬೀಗ ಬೀಳುತ್ತದೆ, ಎರಡರಲ್ಲಿ ಯಾವುದಿದ್ದರೂ ತೆರೆಯಬಹುದು. ಎರಡನೆಯದರ ಪ್ರೈವೇಟ್ ಕೀ ಪೆನ್‌ಡ್ರೈವಿನಲ್ಲಿ, ಅವರ ಬ್ಯಾಂಕ್ ಲಾಕರಿನಲ್ಲಿದೆ.